ಮನೆಯ ಕಂಪ್ಯೂಟರಿಗೂ ಕಾವಲು ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಒಟಿಪಿ ಕೇಳಿ ಹಣ ದೋಚಿದವರ, ವಿಡಿಯೋ ಕರೆಯಲ್ಲಿ ಪೊಲೀಸ್ ಅಧಿಕಾರಿಯಂತೆ ಕಾಣಿಸಿಕೊಂಡು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿದವರ ಸುದ್ದಿಗಳನ್ನು ತಮ್ಮ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಓದಿದ್ದರಿಂದ ನಮ್ಮಂಥ ಹಿರಿಯರು ಮೊಬೈಲ್ ಕರೆಗಳ ವಿಷಯದಲ್ಲಿ ಸಾಕಷ್ಟು ಎಚ್ಚರಗೊಂಡಿದ್ದೇವೆ. ಆದರೆ ಮುಂಬಯಿ ಕನ್ನಡಿಗರ ಎಷ್ಟೋ ಮನೆಗಳ ಮೂಲೆಯಲ್ಲಿ, ಧೂಳು ಕೂರದಂತೆ ಬಟ್ಟೆ ಹೊದಿಸಿಟ್ಟ ಹಳೆಯ ಕಂಪ್ಯೂಟರೊಂದು ಇರುತ್ತದೆ. ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ನಮ್ಮ ಸಂಘ ಸಂಸ್ಥೆಗಳ ಸದಸ್ಯರ ಪಟ್ಟಿ, ಲೆಕ್ಕಪತ್ರ, ಸ್ಮರಣ ಸಂಚಿಕೆ, ನಾಟಕದ ಪ್ರತಿ, ಹಳೆಯ ಕಾರ್ಯಕ್ರಮಗಳ ಛಾಯಾಚಿತ್ರ ಎಲ್ಲವೂ ಯಾರಾದರೊಬ್ಬ ಕಾರ್ಯದರ್ಶಿಯ ಮನೆಯ ಅಂಥ ಕಂಪ್ಯೂಟರಿನಲ್ಲೇ ಇರುವುದರಿಂದ ಈ ವಿಷಯವನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಸಂಘದ ಸ್ಮರಣ ಸಂಚಿಕೆಗಳ ಪುಟವಿನ್ಯಾಸವನ್ನು ಹದಿನೆಂಟು ವರ್ಷಗಳಿಂದ ಮನೆಯಲ್ಲೇ ಕುಳಿತು, ಒಂದು ರೂಪಾಯಿಯನ್ನೂ ಪಡೆಯದೆ ಮಾಡಿಕೊಡುತ್ತಿರುವ ಮಿತ್ರರೊಬ್ಬರಿದ್ದಾರೆ. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ್ದ ಲೇಖನಗಳನ್ನು ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಎಂಬ ಅಕ್ಷರ ಪದ್ಧತಿಗೆ ಬದಲಿಸಬೇಕಾಗಿ ಬಂದಾಗ ಅವರು ಅಂತರಜಾಲದಲ್ಲಿ ಹುಡುಕಿ, ಪರಿಚಯವಿಲ್ಲದ ಒಂದು ತಾಣದಿಂದ ಪರಿವರ್ತಕವೆಂದು ಹೇಳಿಕೊಂಡ ತಂತ್ರಾಂಶವನ್ನು ಇಳಿಸಿಕೊಂಡರು. ಅದನ್ನು ತೆರೆಯುವಾಗ ಆಂಟಿವೈರಸ್ ತಡೆಯೊಡ್ಡಿತು. ‘ಇದು ಸುಳ್ಳು ಎಚ್ಚರಿಕೆ, ಆಂಟಿವೈರಸ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸಿ’ ಎಂದು ಆ ತಾಣದಲ್ಲೇ ಬರೆದಿತ್ತು. ಅವರು ನಿಲ್ಲಿಸಿದರು. ಮರುದಿನ ಬೆಳಿಗ್ಗೆ ನೋಡುವಾಗ ಪ್ರತಿಯೊಂದು ಕಡತದ ಹೆಸರಿನ ಬಾಲಕ್ಕೂ ಅರ್ಥವಿಲ್ಲದ ನಾಲ್ಕು ಅಕ್ಷರಗಳು ಅಂಟಿಕೊಂಡಿದ್ದವು. ಒಂದೂ ತೆರೆಯುತ್ತಿರಲಿಲ್ಲ. ಪ್ರತಿ ಫೋಲ್ಡರಿನಲ್ಲೂ ಡಾಲರ್ ಲೆಕ್ಕದಲ್ಲಿ ಹಣ ಕೇಳುವ ಒಂದು ಓಲೆ ಮಾತ್ರ ಇತ್ತು.

ಇದನ್ನೇ ರ‍್ಯಾನ್ಸಮ್‌ವೇರ್ ಎನ್ನುತ್ತಾರೆ. ಅದು ಕಡತಗಳನ್ನು ಕದ್ದೊಯ್ಯದಿದ್ದರೂ ನಮ್ಮ ಮನೆಯೊಳಗೇ ಅವಕ್ಕೆ ಬೀಗ ಜಡಿದು, ಕೀಲಿಯನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕನ್ನಡ ಕಲಿತ ಹಿರಿಯರನ್ನು ಕಂಡು, ಅವರ ನೆನಪುಗಳನ್ನು ನಾವು ಕೆಲವರು ಬರೆದುಕೊಂಡಿದ್ದೆವು. ಅವರಲ್ಲಿ ಹಲವರು ಈಗ ಇಲ್ಲ. ಆ ಬರಹಗಳೂ ಆ ಬೀಗದೊಳಗೆ ಸೇರಿಹೋದವು.

ಮಿತ್ರರು ಅಜಾಗರೂಕರೇನಲ್ಲ. ಪ್ರತಿಗಳನ್ನು ಇಡಲೆಂದೇ ಅವರೊಂದು ಹೊರಗಿನ ಹಾರ್ಡ್‌ಡಿಸ್ಕನ್ನು ಕೊಂಡಿದ್ದರು. ಆದರೆ ಅದು ಸದಾ ಕಂಪ್ಯೂಟರಿಗೆ ಜೋಡಿಸಿಯೇ ಇರುತ್ತಿದ್ದುದರಿಂದ ಅದರಲ್ಲಿದ್ದುದಕ್ಕೂ ಬೀಗ ಬಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಕೆಲಸ ಮಾಡಿದ ನನಗೆ ಈ ತಪ್ಪು ಮೊದಲೇ ಹೊಳೆಯಬೇಕಿತ್ತು. ನಾನು ಅವರ ಮನೆಗೆ ಎಷ್ಟೋ ಸಲ ಹೋಗಿ ಅದೇ ಮೇಜಿನ ಪಕ್ಕ ಕುಳಿತಿದ್ದೇನೆ. ತಿಜೋರಿಯ ಕೀಲಿಗಳ ಎರಡನೆಯ ಜೊತೆಯನ್ನು ಬ್ಯಾಂಕಿನವರು ಅದೇ ಶಾಖೆಯಲ್ಲಿ ಎಂದೂ ಇಡುವುದಿಲ್ಲ. ಮೊಹರು ಮಾಡಿ ಬೇರೊಂದು ಶಾಖೆಯ ವಶಕ್ಕೆ ಕೊಡುತ್ತಾರೆ. ಬ್ಯಾಕಪ್ ಎಂದರೆ ಅದೇ. ವಾರಕ್ಕೊಮ್ಮೆ ಡಿಸ್ಕನ್ನು ಜೋಡಿಸಿ, ಪ್ರತಿ ಮಾಡಿ, ಕೂಡಲೇ ಬಿಚ್ಚಿ ಕಪಾಟಿನಲ್ಲಿಡಬೇಕು. ಸಾಧ್ಯವಿದ್ದರೆ ಇನ್ನೊಂದು ಪ್ರತಿ ಇನ್ನೊಬ್ಬರ ಮನೆಯಲ್ಲಿರಬೇಕು. ಗೂಗಲ್ ಡ್ರೈವ್, ಒನ್‌ಡ್ರೈವ್‌ನಂಥ ಸೇವೆಗಳಲ್ಲಿ ಇಟ್ಟರೆ ಕಡತದ ಹಳೆಯ ಆವೃತ್ತಿಯನ್ನು ಕೆಲವು ದಿನಗಳವರೆಗೆ ಮರಳಿ ಪಡೆಯಲು ಅವಕಾಶವಿರುತ್ತದೆ, ನಿಜ. ಆದರೆ ಮನೆಯ ಕಡತಕ್ಕೆ ಬೀಗ ಬಿದ್ದರೆ ಆ ಬೀಗ ಬಿದ್ದ ಪ್ರತಿಯೇ ತಾನಾಗಿ ಅಲ್ಲಿಗೂ ಹೋಗುವುದರಿಂದ ಅದೊಂದನ್ನೇ ನಂಬಿ ಕೂರುವುದು ಸರಿಯಲ್ಲ. ನನ್ನ ಮಟ್ಟಿಗೆ, ಈ ಪತ್ರದಲ್ಲಿ ಹೇಳುವ ಎಲ್ಲ ಮಾತುಗಳಿಗಿಂತ ಮುಖ್ಯವಾದದ್ದು ಬಿಚ್ಚಿಟ್ಟ ಡಿಸ್ಕಿನ ಈ ಮಾತೇ.

ಎರಡನೆಯದು ಅಪ್‌ಡೇಟ್, ಅಂದರೆ ತಂತ್ರಾಂಶದ ದೋಷಗಳನ್ನು ಸರಿಪಡಿಸಲು ಕಂಪನಿ ಆಗಾಗ ಕಳಿಸುವ ತಿದ್ದುಪಡಿ. ‘ಅಪ್‌ಡೇಟ್ ಮಾಡಿದರೆ ಕಂಪ್ಯೂಟರ್ ನಿಧಾನವಾಗುತ್ತದೆ’ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿ ಬೇರೂರಿದೆ. ಅದನ್ನು ನಿಲ್ಲಿಸಿಕೊಡುವುದನ್ನೇ ಒಂದು ಸೇವೆಯಂತೆ ಮಾಡುವ ರಿಪೇರಿಯವರೂ ಇದ್ದಾರೆ. 2017ರ ಮೇ 12ರಂದು ಹಬ್ಬತೊಡಗಿದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ನೂರೈವತ್ತರಷ್ಟು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಹಿಡಿದಾಗ, ಅದು ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳ ಕಾಲ ಮದ್ದು ಕೈಗೆಟಕುವಂತಿದ್ದರೂ ಹಾಕಿಸಿಕೊಳ್ಳದವರು ಸಿಕ್ಕಿಬಿದ್ದರು. ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಇನ್ನೊಂದು ದಾಳಿ ಅದೇ ಬಿರುಕನ್ನೂ ಬಳಸಿಕೊಂಡು ಹಬ್ಬಿತು. ದೂರದ ಉಕ್ರೇನಿನಲ್ಲಿ ಹುಟ್ಟಿದ ಆ ದಾಳಿಯಿಂದ ನಮ್ಮ ನವಸೇವಾ ಬಂದರಿನ ಒಂದು ಟರ್ಮಿನಲ್ಲಿನಲ್ಲಿ ಕಂಟೇನರುಗಳ ಸಾಗಾಟ ಅಸ್ತವ್ಯಸ್ತವಾಯಿತು. ಬಂದರಿಗೆ ತಟ್ಟಿದ ಬಿಸಿ ಮನೆಗೆ ತಟ್ಟುವುದಿಲ್ಲವೆಂದು ಭಾವಿಸಲು ಕಾರಣವಿಲ್ಲ, ಏಕೆಂದರೆ ಇಂಥ ತಂತ್ರಾಂಶ ಯಾರ ಮನೆ, ಯಾರ ಕಚೇರಿ ಎಂದು ನೋಡುವುದಿಲ್ಲ. ತೆರೆದಿರುವ ಕಿಂಡಿಯನ್ನಷ್ಟೇ ಹುಡುಕುತ್ತದೆ.

ಈ ದೃಷ್ಟಿಯಿಂದ ಇಂದು ಹೆಚ್ಚು ಚಿಂತೆಗೆ ಕಾರಣವಾಗಿರುವುದು ವಿಂಡೋಸ್ 10. ಅದಕ್ಕೆ ಉಚಿತವಾಗಿ ದೊರೆಯುತ್ತಿದ್ದ ಸಾಮಾನ್ಯ ಸುರಕ್ಷಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಮನೆ ಬಳಕೆದಾರರಿಗಾಗಿ ಒಂದು ವರ್ಷದ ವಿಸ್ತರಣೆಯನ್ನು ಕಂಪನಿ ಪ್ರಕಟಿಸಿತಾದರೂ ಅದಕ್ಕೆ ನಾವಾಗಿಯೇ ಹೆಸರು ನೋಂದಾಯಿಸಬೇಕು. ಹಲವು ವರ್ಷಗಳ ಹಿಂದೆ ಕೊಂಡ ಬಹುಪಾಲು ಯಂತ್ರಗಳು ವಿಂಡೋಸ್ 11ಕ್ಕೆ ಬೇಕಾದ ಪ್ರೊಸೆಸರ್ ಮತ್ತು ಸುರಕ್ಷಾ ಚಿಪ್ಪಿನ ಷರತ್ತುಗಳನ್ನು ಪೂರೈಸುವುದಿಲ್ಲ. ಹಾಗೆಂದು ಎಲ್ಲರೂ ಹೊಸ ಕಂಪ್ಯೂಟರ್ ಕೊಳ್ಳಿರೆಂದು ಹೇಳುವುದು ಪಿಂಚಣಿಯ ಮೇಲೆ ಬದುಕುವವರಿಗೆ ನ್ಯಾಯವಲ್ಲ. ಅಂಥ ಯಂತ್ರದಲ್ಲಿ ವಿಂಡೋಸಿನ ಬದಲಿಗೆ ಬಳಸಬಹುದಾದ, ಉಚಿತವಾದ ಲಿನಕ್ಸ್ ಹಾಕಿಸಿಕೊಂಡರೆ ಕನ್ನಡ ಟೈಪಿಂಗ್, ಮಿಂಚಂಚೆ, ಅಂತರಜಾಲದ ಓದು ಎಲ್ಲವೂ ನಡೆಯುತ್ತವೆ. ಅದೂ ಆಗದಿದ್ದರೆ ಆ ಯಂತ್ರವನ್ನು ಅಂತರಜಾಲದಿಂದ ಬಿಡಿಸಿ ಬರವಣಿಗೆಗೆ ಮಾತ್ರ ಇಟ್ಟುಕೊಳ್ಳಬಹುದು. ಬ್ಯಾಂಕಿನ ವ್ಯವಹಾರವನ್ನಂತೂ ಅದರಲ್ಲಿ ಮಾಡಲೇಬಾರದು.

ನಕಲಿ ವಿಂಡೋಸಿನ ಮಾತನ್ನೂ ಇಲ್ಲಿ ಸಂಕೋಚವಿಲ್ಲದೆ ಹೇಳಬೇಕು. ಬಿಡಿಭಾಗಗಳನ್ನು ಜೋಡಿಸಿ ಕಂಪ್ಯೂಟರ್ ಮಾಡಿಸಿಕೊಂಡಾಗ ಹಣ ಉಳಿಯಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಅಂಗಡಿಯವರು ವಿಂಡೋಸನ್ನೂ ಪುಟವಿನ್ಯಾಸದ ತಂತ್ರಾಂಶವನ್ನೂ ‘ಫ್ರೀ’ಯಾಗಿ ಹಾಕಿಕೊಟ್ಟಿದ್ದರು. ಅದನ್ನು ಚಾಲೂ ಮಾಡಲು ಬಳಸಿದ ಕ್ರ್ಯಾಕ್ ಎಂಬ ಪುಟ್ಟ ತಂತ್ರಾಂಶ ಕೆಲಸ ಮಾಡಬೇಕಾದರೆ ಆಂಟಿವೈರಸ್ಸನ್ನು ನಿಲ್ಲಿಸಲೇಬೇಕಿತ್ತು. ಕಾವಲುಗಾರನನ್ನು ರಜೆಯ ಮೇಲೆ ಕಳಿಸಿ ಅಪರಿಚಿತನನ್ನು ಒಳಗೆ ಕರೆದಂತೆ. ಬರೇ ಕನ್ನಡ ಟೈಪು ಮಾಡುವುದಕ್ಕೆ ಇಂಥ ಯಾವುದರ ಅಗತ್ಯವೂ ಇಲ್ಲ: ಕನ್ನಡ ಕೀಲಿಮಣೆಯೂ ಯೂನಿಕೋಡ್ ಅಕ್ಷರಗಳೂ ವಿಂಡೋಸಿನಲ್ಲೇ ಇವೆ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಎಂಬ ಆಂಟಿವೈರಸ್ಸು ಸಾಮಾನ್ಯ ಮನೆಗೆ ಸಾಕು; ಅದರ ‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ವಿಭಾಗಕ್ಕೆ ಹೋಗಿ ಫೋಲ್ಡರುಗಳ ರಕ್ಷಣೆಯನ್ನು ಮಾತ್ರ ನಾವೇ ಚಾಲೂ ಮಾಡಿಕೊಳ್ಳಬೇಕು. ದಿನನಿತ್ಯದ ಕೆಲಸಕ್ಕೆ ಕಂಪ್ಯೂಟರಿನ ಎಲ್ಲ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಖಾತೆಯ ಬದಲು ಸಾಮಾನ್ಯ ಖಾತೆಯನ್ನು ಬಳಸಿದರೆ, ತಿಳಿಯದೆ ತೆರೆದ ಕೆಟ್ಟ ತಂತ್ರಾಂಶದ ಕೈ ಅಷ್ಟು ದೂರ ಚಾಚಲಾರದು.

ಇನ್ನೊಂದು ಸೂಕ್ಷ್ಮವಿದೆ. ಕಡತದ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ತಾನಾಗಿಯೇ ಅಡಗಿಸಿ ತೋರಿಸುವುದರಿಂದ, ‘ಆಮಂತ್ರಣ.ಪಿಡಿಎಫ್.ಇಎಕ್ಸ್‌ಇ’ ಎಂಬ ಹೆಸರಿನಲ್ಲಿ ಬಂದದ್ದು ನಮ್ಮ ಕಣ್ಣಿಗೆ ‘ಆಮಂತ್ರಣ.ಪಿಡಿಎಫ್’ ಎಂದೇ ಕಾಣುತ್ತದೆ. ಮದುವೆ, ಗೃಹಪ್ರವೇಶ, ವಾರ್ಷಿಕೋತ್ಸವಗಳ ಆಮಂತ್ರಣಗಳನ್ನು ಮಿಂಚಂಚೆಯಲ್ಲೂ ವಾಟ್ಸಾಪಿನಲ್ಲೂ ಪಡೆದು ಕಂಪ್ಯೂಟರಿನಲ್ಲಿ ತೆರೆಯುವ ನಾವು ಆ ಬಾಲವನ್ನು ಕಾಣುವಂತೆ ಮಾಡಿಸಿಕೊಳ್ಳುವುದು ಒಳ್ಳೆಯದು. ಕಾಗದಪತ್ರವೆಂದು ಬಂದ ಕಡತದ ಹೆಸರು ಇಎಕ್ಸ್‌ಇ ಎಂದು ಮುಗಿದರೆ ಅದು ಕಾಗದಪತ್ರವಲ್ಲ, ತೆರೆದೊಡನೆ ಓಡತೊಡಗುವ ತಂತ್ರಾಂಶ.

ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು, ಇಲ್ಲಿ ಇಬ್ಬರೇ ಇರುವ ದಂಪತಿಗಳ ವಿಷಯ ನನ್ನನ್ನು ವಿಶೇಷವಾಗಿ ಕಾಡುತ್ತದೆ. ಏನೋ ಓದುತ್ತಿರುವಾಗ ಪರದೆಯ ತುಂಬ ಕೆಂಪು ಎಚ್ಚರಿಕೆ ಮೂಡಿ, ಸೈರನ್ ಕೂಗಿ, ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಬರುತ್ತದೆ. ಕರೆ ಮಾಡಿದರೆ ಬಹಳ ವಿನಯದಿಂದ ಮಾತನಾಡುವ ಒಬ್ಬರು, ದೂರದಿಂದಲೇ ನಮ್ಮ ಕಂಪ್ಯೂಟರನ್ನು ನಡೆಸಲು ಬಿಡುವ ಎನಿಡೆಸ್ಕನ್ನೋ ಟೀಮ್‌ವ್ಯೂಯರನ್ನೋ ಹಾಕಿಕೊಳ್ಳಲು ಹೇಳುತ್ತಾರೆ. ಇವು ಕೆಟ್ಟ ತಂತ್ರಾಂಶಗಳಲ್ಲ. ದೂರದ ಮಗ ತಂದೆಯ ಕಂಪ್ಯೂಟರನ್ನು ಸರಿಪಡಿಸಿಕೊಡುವುದೂ ಇವುಗಳ ಮೂಲಕವೇ. ಅಪಾಯ ಇರುವುದೂ ಅಲ್ಲಿಯೇ. ಮಗನಿಗೆ ಹತ್ತು ಸಲ ಆ ತಂತ್ರಾಂಶ ತೋರಿಸುವ ಸಂಖ್ಯೆಯನ್ನು ಓದಿ ಹೇಳಿ ರೂಢಿಯಾದ ತಾಯಿಗೆ ಹನ್ನೊಂದನೆಯ ಸಲ ಅಪರಿಚಿತನಿಗೆ ಹೇಳುವಾಗ ಅನುಮಾನವೇ ಬರುವುದಿಲ್ಲ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ಸಂಖ್ಯೆ ಎಂದೂ ಇರುವುದಿಲ್ಲವೆಂಬ ಒಂದು ವಾಕ್ಯವನ್ನು ಮಕ್ಕಳು ಕಾಗದದಲ್ಲಿ ಬರೆದು ಪರದೆಯ ಪಕ್ಕದಲ್ಲಿ ಅಂಟಿಸಿ ಹೋಗಬೇಕು. ಸೈರನ್ ನಿಲ್ಲದಿದ್ದರೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಕಂಪ್ಯೂಟರನ್ನು ಆರಿಸಿದರಾಯಿತು. ಹಣ ಹೋಗಿಯೇಬಿಟ್ಟಿದ್ದರೆ ಮಕ್ಕಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೂ ಬ್ಯಾಂಕಿಗೂ ಕರೆ ಮಾಡಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ ತಿಂಗಳ ಸುತ್ತೋಲೆಯ ಪ್ರಕಾರ, ಗ್ರಾಹಕನೇ ಗುಟ್ಟಿನ ವಿವರ ಕೊಟ್ಟಿದ್ದರೂ ಬ್ಯಾಂಕಿಗೆ ತಿಳಿಸಿದ ಕ್ಷಣದ ನಂತರದ ನಷ್ಟ ಬ್ಯಾಂಕಿನದೇ ಆಗುತ್ತದೆ. ಸಂಕೋಚದಲ್ಲಿ ಕಳೆದ ಒಂದೊಂದು ಗಂಟೆಗೂ ಬೆಲೆ ತೆರಬೇಕಾಗುತ್ತದೆ.

ಕೇಬಲಿನವರು ಹಾಕಿಕೊಟ್ಟ ರೌಟರಿನ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕೆಂಬುದನ್ನೂ, ಮಿಂಚಂಚೆಗೆ ಮತ್ತು ಬ್ಯಾಂಕಿಗೆ ಒಂದೇ ಪಾಸ್‌ವರ್ಡ್ ಇರಬಾರದೆಂಬುದನ್ನೂ ತಮ್ಮ ಓದುಗರು ಬಲ್ಲರು.

ನನ್ನ ವಿನಂತಿ ಇಷ್ಟೆ. ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮ ಎಷ್ಟೋ ಸಂಘಗಳಿಗೆ ಸ್ವಂತ ಸಭಾಂಗಣಗಳಿವೆ. ಸದಸ್ಯರ ಮಕ್ಕಳಲ್ಲಿ ಸಾಫ್ಟ್‌ವೇರ್ ಎಂಜಿನಿಯರುಗಳೂ ಬೇಕಾದಷ್ಟಿದ್ದಾರೆ. ಆರೋಗ್ಯ ತಪಾಸಣಾ ಶಿಬಿರ ನಡೆಸುವಂತೆಯೇ ತಿಂಗಳಿಗೊಂದು ಭಾನುವಾರ ಆ ಮಕ್ಕಳನ್ನು ಕೂರಿಸಿ, ಹಿರಿಯರ ಕಂಪ್ಯೂಟರುಗಳಿಗೆ ಅಪ್‌ಡೇಟ್ ಹಾಕಿಸಿ, ಒಂದು ಡಿಸ್ಕಿಗೆ ಪ್ರತಿ ಮಾಡಿ ಬಿಚ್ಚಿಡುವುದನ್ನು ಅವರ ಕೈಯಿಂದಲೇ ಮಾಡಿಸಲಿ. ತಮ್ಮ ಪತ್ರಿಕೆಯೂ ವಾರಕ್ಕೊಮ್ಮೆ ಈ ವಿಷಯಕ್ಕೆ ಅರ್ಧ ಅಂಕಣದ ಜಾಗ ಕೊಡಲಿ.

ಮಿತ್ರರು ಹಣ ಕೊಡಲಿಲ್ಲ. ಕೊಟ್ಟರೂ ಕೀಲಿ ಸಿಕ್ಕೀತೆಂಬ ಖಾತ್ರಿಯಿಲ್ಲ, ಆ ಹಣ ಮುಂದಿನ ದಾಳಿಗೆ ಬಂಡವಾಳವಾಗುತ್ತದೆ ಎಂಬುದು ಅವರ ನಿಲುವು. ಅದು ಸರಿಯೆಂದೇ ನಾನೂ ನಂಬಿದ್ದೇನೆ. ಯುರೋಪಿನ ಒಕ್ಕೂಟದ ಪೊಲೀಸ್ ಸಂಸ್ಥೆಯಾದ ಯುರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಸುರಕ್ಷಾ ಕಂಪನಿಗಳ ಜೊತೆ ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಎಂಬ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳು ಸಿಗುತ್ತವೆ. ನಮ್ಮದಕ್ಕೆ ಅಲ್ಲಿ ಇನ್ನೂ ಸಿಕ್ಕಿಲ್ಲ. ಮುಂದೆ ಸಿಗಲೂಬಹುದಾದ್ದರಿಂದ ಬೀಗ ಬಿದ್ದ ಆ ಡಿಸ್ಕನ್ನು ಅಳಿಸದೆ ಹಾಗೆಯೇ ಎತ್ತಿಟ್ಟಿದ್ದೇವೆ. ಸದ್ಯಕ್ಕೆ ಉಳಿದ ದಾರಿಯೆಂದರೆ ಮುದ್ರಿತ ಪ್ರತಿಗಳನ್ನು ಹುಡುಕಿ ಸ್ಕ್ಯಾನ್ ಮಾಡುವುದು. ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಗಳು ಯಾರ ಮನೆಯ ಅಟ್ಟದಲ್ಲಾದರೂ, ಹಳೆಯ ಟ್ರಂಕಿನಲ್ಲಾದರೂ ಇದ್ದರೆ ದಯವಿಟ್ಟು ಸಂಘದ ಕಚೇರಿಗೆ ಕೊಟ್ಟು ಉಪಕರಿಸಬೇಕು. ಎರಡು ವಾರಗಳಲ್ಲಿ ಮರಳಿಸುತ್ತೇವೆ. ಸ್ಕ್ಯಾನ್ ಮಾಡಿದ್ದರ ಒಂದು ಪ್ರತಿ ಡೊಂಬಿವಲಿಯಲ್ಲೂ ಇನ್ನೊಂದು ಮಾಟುಂಗಾದಲ್ಲೂ ಇರಲಿವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ನೌಕರ,
ಡೊಂಬಿವಲಿ ಪೂರ್ವ