ಗುಜರಿಯವ್ರೇ ಬೇಡ ಅನ್ನೋ ಕಸ ರೀಸೈಕಲ್ ಆಗೋದೆಲ್ಲಿಂದ

ಸಂಪಾದಕರಿಗೆ ನಮಸ್ಕಾರ,

ನಾನು ಕಾರವಾರ ಕೋಡಿಬಾಗದವ್ನು, ದಿನಾ ಬೆಳಿಗ್ಗೆ ಟ್ಯಾಗೋರ್ ಬೀಚಲ್ಲಿ ವಾಕಿಂಗ್ ಹೋಗ್ತೇನೆ. ಮಳೆಗಾಲದಲ್ಲಿ ಸಮುದ್ರ ಎದ್ದಾಗ ದಡಕ್ಕೆ ಬಂದು ಬೀಳೋ ಕಸ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಕಾಳಿ ನದಿ ತಂದಿದ್ದು, ಗಟಾರದಿಂದ ಬಂದಿದ್ದು, ಬೋಟಿಂದ ಬಿದ್ದಿದ್ದು ಎಲ್ಲಾ ಸೇರಿ ಮರಳು ಕಾಣೋದಿಲ್ಲ. ಆ ರಾಶೀಲಿ ಒಂದು ವಿಷ್ಯ ಗಮನಿಸಿ ನೋಡಿ. ನೀರಿನ ಬಾಟ್ಲಿ ಬಿದ್ದಿದ್ರೆ ಯಾರಾದ್ರೂ ಆರಿಸ್ಕೊಂಡು ಹೋಗ್ತಾರೆ, ಗುಜರೀಲಿ ಅದಕ್ಕೆ ನಾಲ್ಕು ಕಾಸು ಸಿಗುತ್ತೆ. ಉಳಿಯೋದು ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ, ಥರ್ಮಾಕೋಲ್ ಚೂರು, ಹರಿದ ನೈಲಾನ್ ಬಲೆ ತುಂಡು. ಮುಂದಿನ ವಾರ ಹೋದ್ರೂ ಅವು ಅಲ್ಲೇ ಇರ್ತವೆ.

ಮನೇಲಿ ನಾವು ಒಣ ಕಸ ಹಸಿ ಕಸ ಅಂತ ಬೇರೆ ಮಾಡಿ, ಪ್ಯಾಕೆಟ್ ತೊಳೆದು ಒಣಗಿಸಿ ಇಟ್ಟಿದ್ವಿ, ಒಂದಿನ ಗುಜರಿಯವ್ರಿಗೆ ಕೊಡೋಕೆ ಹೋದ್ರೆ ಅವ್ರು ಬಾಟ್ಲಿ, ಬಕೆಟ್ ಎಲ್ಲಾ ತಗೊಂಡು ಪ್ಯಾಕೆಟ್ ಚೀಲ ವಾಪಸ್ ಕೊಟ್ರು, "ಇದನ್ನ ಯಾರೂ ತಗೊಳ್ಳೋದಿಲ್ಲ ಸರ್" ಅಂದ್ರು. ಅವ್ರದ್ದೇನೂ ತಪ್ಪಿಲ್ಲ. ಆ ಪ್ಯಾಕೆಟಲ್ಲಿ ಪ್ಲಾಸ್ಟಿಕ್ ಪದರ, ಅಲ್ಯೂಮಿನಿಯಂ ಪದರ, ಮತ್ತೆ ಪ್ಲಾಸ್ಟಿಕ್ ಎಲ್ಲಾ ಒಂದಕ್ಕೊಂದು ಅಂಟಿರ್ತದೆ, ಬಿಡಿಸೋ ಖರ್ಚಿಗೆ ಹೊಸದೇ ಅಗ್ಗ. ಬಾಟ್ಲಿ ಆದ್ರೂ ಹೆಚ್ಚಿನದು ಮತ್ತೆ ಬಾಟ್ಲಿ ಆಗೋದಿಲ್ಲ, ದಾರ ಆಗಿ ಬಟ್ಟೆ ಆಗುತ್ತೆ, ಆ ಬಟ್ಟೆ ಹರಿದ್ಮೇಲೆ ಅದೂ ಕಸಾನೇ. 2017ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕ ಹೇಳ್ತೇನೆ, 2015ರವರೆಗೆ ಜಗತ್ತಲ್ಲಿ ಆದ ಸುಮಾರು 630 ಕೋಟಿ ಟನ್ ಪ್ಲಾಸ್ಟಿಕ್ ಕಸದಲ್ಲಿ ರೀಸೈಕಲ್ ಆಗಿದ್ದು ಬರೇ ಶೇ. 9, ಸುಟ್ಟಿದ್ದು ಶೇ. 12, ಉಳಿದಿದ್ದೆಲ್ಲಾ ಕಸದ ಗುಂಡೀಲೋ ನೆಲದ ಮೇಲೋ ನೀರಲ್ಲೋ ಬಿದ್ದಿದೆ.

ನಮ್ಮ ರಾಜ್ಯದಲ್ಲಿ 2016ರಲ್ಲೇ ಕ್ಯಾರಿಬ್ಯಾಗ್ ನಿಷೇಧ ಬಂತು, 2022ರ ಜುಲೈ 1ರಿಂದ ದೇಶಕ್ಕೇ ಸ್ಟ್ರಾ, ಚಮಚ, ಪ್ಲೇಟ್ ನಿಷೇಧ. ಒಳ್ಳೇದೇ, ಆದ್ರೆ ಚಿಪ್ಸ್ ಪ್ಯಾಕೆಟ್ ಆ ಪಟ್ಟೀಲಿ ಇಲ್ಲವೇ ಇಲ್ಲ. ಕಂಪನಿಯವ್ರೇ ತಮ್ಮ ಪ್ಯಾಕೆಟ್ಟಿನ ಹೊಣೆ ಹೊರಬೇಕು ಅಂತ ರೂಲ್ಸ್ ಇದೆ, ನಮ್ಮ ಬೀಚಿಗೆ ಬಂದು ಒಂದು ಚೀಲ ಎತ್ಕೊಂಡು ಹೋದವ್ರನ್ನ ನಾನಂತೂ ಈವರೆಗೆ ನೋಡಿಲ್ಲ. ಅಷ್ಟರಲ್ಲಿ ಬಿಸಿಲು ಉಪ್ಪು ಹಿಡಿದು ಅದು ಪುಡಿಪುಡಿ ಆಗಿ ಮರಳಲ್ಲಿ ಸೇರಿರುತ್ತೆ, ಆಮೇಲೆ ಯಾವ ಸ್ವಚ್ಛತಾ ಅಭಿಯಾನ ಮಾಡಿ ಆರಿಸ್ತೀರಿ ಹೇಳಿ. ಅದೇ ನೀರಲ್ಲಿ ಬಾಂಗಡೆ, ತಾರ್ಲೆ ಮೀನು ಇರೋದು, ನಾವು ತಿನ್ನೋದು.

ಹಾಗಾಗಿ ನಗರಸಭೆಯವ್ರಲ್ಲಿ, ಜಿಲ್ಲಾಡಳಿತದವ್ರಲ್ಲಿ ನನ್ನದೊಂದೇ ಬೇಡಿಕೆ. ಕಸ ಬೇರೆ ಮಾಡಿ ಅಂತ ಜನ್ರಿಗೆ ಹೇಳೋ ಜೊತೆಗೇ ಊರಿನ ಗುಜರಿಯವ್ರನ್ನ ಕೂರಿಸ್ಕೊಂಡು ಅವ್ರು ಏನೇನು ತಗೊಳ್ಳೋದಿಲ್ಲ ಅಂತ ಪಟ್ಟಿ ಮಾಡಿ, ಆ ಸಾಮಾನು ಊರಿಗೆ ಬರೋದನ್ನೇ ಕಮ್ಮಿ ಮಾಡೋಕೆ ನೋಡಿ. ಮೀನು ಪೇಟೆಯಿಂದ ಶುರು ಮಾಡ್ಬಹುದು. ನಾನು ಚಿಕ್ಕವ್ನಿದ್ದಾಗ ಸಾಗವಾನಿ ಎಲೇಲಿ ಮೀನು ಕಟ್ಟಿ ಕೊಡ್ತಿದ್ರು, ಮನೆಯಿಂದ ಚೀಲ ತಗೊಂಡೇ ಹೋಗ್ತಿದ್ವಿ.

- ಒಬ್ಬ ಓದುಗ, ಕೋಡಿಬಾಗ, ಕಾರವಾರ