ಮಿನಾಕ್ಸ್ ಶೋಕೇಸಿಗೆ ಮಾತ್ರ ಅಲ್ಲ, ಖಾಲಿ ಕ್ಯಾಸೆಟ್ ಎಸೀಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಹಳೇ ಪುಟಾಣಿ ಫಿಲ್ಮ್ ಕ್ಯಾಮೆರಾಗಳ ಬಗ್ಗೆ ಬಂದ ಲೇಖನ ಓದ್ದೆ, ಈ ವಿಷಯಕ್ಕೆ ಅಷ್ಟು ಜಾಗ ಕೊಟ್ಟಿದ್ದು ನೋಡಿ ತುಂಬಾ ಖುಷಿ ಆಯ್ತು. ಆದ್ರೆ ಲೇಖನದ ತುಂಬ ಬರೀ ಸ್ಪೈ ಕ್ಯಾಮೆರಾ ಅಂತಾನೇ ಇದೆ, ಕೊನೇಲಿ ಈಗ ಇದಕ್ಕೆ ಫಿಲ್ಮ್ ಸಿಗಲ್ಲ, ಶೋಕೇಸಲ್ಲಿ ಇಡೋಕೆ ಮಾತ್ರ ಸರಿ ಅಂತ ಬರೆದುಬಿಟ್ಟಿದ್ದಾರೆ. ಇದನ್ನ ಓದಿ ಯಾರಾದ್ರೂ ಮನೇಲಿರೋ ಮಿನಾಕ್ಸ್ ಅನ್ನೋ ಪುಟಾಣಿ ಕ್ಯಾಮೆರಾದ ಖಾಲಿ ಕ್ಯಾಸೆಟ್ (ಫಿಲ್ಮ್ ತುಂಬೋ ಪುಟ್ಟ ಡಬ್ಬಿ) ಕಸಕ್ಕೆ ಹಾಕಿಬಿಟ್ರೆ ಅಂತ ಭಯ ಆಗಿ ಬರೀತಿದೀನಿ.

ವಾಲ್ಟರ್ ಝಾಪ್ ಮಿನಾಕ್ಸ್ ಮಾಡಿದ್ದು ಗೂಢಚಾರರಿಗೆ ಅಂತ ಅಲ್ಲ, ಯಾರು ಬೇಕಾದ್ರೂ ದಿನಾ ಜೇಬಲ್ಲಿ ಇಟ್ಕೊಂಡು ಓಡಾಡೋ ಕ್ಯಾಮೆರಾ ಆಗ್ಲಿ ಅಂತ. 1938ರ ಹೊತ್ತಿಗೆ ಲಾಟ್ವಿಯಾ ದೇಶದ ರೀಗಾದ ವಿಇಎಫ್ ಕಾರ್ಖಾನೆಯಿಂದ ಅದು ಹೊರಗೆ ಬಂತು, ಮುಚ್ಚಿದ್ರೆ ಬರೀ 8 ಸೆಂಟಿಮೀಟರ್ ಉದ್ದ. ಎಳೆದ್ರೆ ಲೆನ್ಸ್ ತೆರ್ಕೊಳುತ್ತೆ, ಒತ್ತಿದ್ರೆ ಮುಚ್ಕೊಳುತ್ತೆ, ಆ ಒಂದೇ ಎಳೆದು ಒತ್ತೋದ್ರಲ್ಲಿ ಫಿಲ್ಮ್ ಮುಂದಕ್ಕೆ ಹೋಗಿ ಶಟರೂ ರೆಡಿ ಆಗುತ್ತೆ, ಎಷ್ಟು ಸಲ ಮಾಡಿದ್ರೂ ನಂಗೆ ಬೇಜಾರೇ ಆಗಲ್ಲ. ಲೆನ್ಸ್ 15 ಮಿಲಿಮೀಟರ್, ಅಪರ್ಚರ್ (ಬೆಳಕು ಒಳಗೆ ಬರೋ ಕಿಂಡಿ) ಯಾವಾಗ್ಲೂ ಎಫ್ 3.5, ಅದನ್ನ ಬದಲಾಯಿಸೋಕೇ ಬರಲ್ಲ. ಬೆಳಕಿನ ಲೆಕ್ಕ ಎಲ್ಲಾ ಶಟರ್ ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದರ ಮೇಲೇ, 1/2 ರಿಂದ 1/1000 ಸೆಕೆಂಡ್‌ವರೆಗೆ. 20 ಸೆಂಟಿಮೀಟರ್ ಹತ್ರದವರೆಗೂ ಫೋಕಸ್ ಆಗುತ್ತೆ, ಜೊತೆಗೆ ಬರೋ ಚೈನಲ್ಲಿ ದೂರ ಅಳೆಯೋಕೆ ಗುರುತು ಇರುತ್ತೆ. ಪೇಪರಿನ ಫೋಟೋ ತೆಗೆಯೋಕೆ ಇದು ಅಷ್ಟು ಸಲೀಸು, ಸ್ಪೈ ಅನ್ನೋ ಹೆಸರು ಅಂಟ್ಕೊಂಡಿದ್ದೂ ಅದಕ್ಕೇ.

ಫಿಲ್ಮ್ ವಿಷಯಕ್ಕೆ ಬರ್ತೀನಿ. ಮಿನಾಕ್ಸ್ ಫಿಲ್ಮ್ 9.2 ಮಿಲಿಮೀಟರ್ ಅಗಲ, ಅಂಚಲ್ಲಿ ತೂತು ಇರಲ್ಲ. ಮಾಮೂಲಿ 35 ಎಂಎಂ ರೋಲನ್ನ ಕತ್ತಲಲ್ಲಿ ಸ್ಲಿಟರಿಗೆ (ಫಿಲ್ಮನ್ನ ಉದ್ದಕ್ಕೆ ಸೀಳೋ ಸಾಧನ) ಹಾಕಿ ಎಳೆದ್ರೆ ಎರಡು ಸಾಲು ತೂತುಗಳ ಮಧ್ಯದಲ್ಲೇ ಎರಡು ಪಟ್ಟಿ ಸಿಗುತ್ತೆ, ಹಳೇ ಕ್ಯಾಸೆಟ್ಟಿಗೆ ತುಂಬಿದ್ರೆ ಮುಗೀತು. ಕ್ಯಾಸೆಟ್ ಬೇಕೇ ಬೇಕು ಅನ್ನೋದು ಇದಕ್ಕೇ ಸರ್. ಸ್ವಿಟ್ಜರ್ಲೆಂಡಿನ ಟೆಸ್ಸಿನಾ ಅನ್ನೋ ಪುಟಾಣಿ ಕ್ಯಾಮೆರಾಗೂ ಹೀಗೇ, ಅದು 35 ಎಂಎಂ ಫಿಲ್ಮೇ ತಗೊಳೋದು ಆದ್ರೆ ತನ್ನದೇ ಚಿಕ್ಕ ಕ್ಯಾಸೆಟ್ ಇಲ್ದೆ ಕೆಲಸ ಆಗಲ್ಲ.

ಹೊಸಬರು ಒಂದು ನೆನಪಿಟ್ಕೊಳ್ಳಿ, ನೆಗೆಟಿವ್ ಬರೀ 8x11 ಮಿಲಿಮೀಟರ್, 35 ಎಂಎಂ ಫ್ರೇಮಿನ ಹತ್ತನೇ ಒಂದು ಭಾಗ. ನಾನು ಮೊದಲನೇ ಸಲ 400 ಸ್ಪೀಡ್ ಫಿಲ್ಮ್ (ಸ್ಪೀಡ್ ಜಾಸ್ತಿ ಆದಷ್ಟೂ ಕಾಳು ದಪ್ಪ) ಹಾಕಿ ಪ್ರಿಂಟ್ ತುಂಬ ಮರಳು ಚೆಲ್ಲಿದ ಹಾಗೆ ಬಂದಿತ್ತು, ಆಮೇಲಿಂದ 100 ದಾಟಿಲ್ಲ. ಇನ್ನು ಮಿನಾಕ್ಸ್ ಬಿ ಮಾಡೆಲ್ ಸಿಕ್ಕಿ ಬೆಳಕು ಅಳೆಯೋ ಮೀಟರ್ ಸೂಜಿ ಅಲ್ಲಾಡ್ಲಿಲ್ಲ ಅಂದ್ರೆ ಕ್ಯಾಮೆರಾ ಕೆಟ್ಟಿದೆ ಅಂದ್ಕೋಬೇಡಿ, ಆ ಮೀಟರಿನ ಸೆಲೆನಿಯಂ ಸೆಲ್ ಹೋಗಿರುತ್ತೆ ಅಷ್ಟೇ, ಶಟರ್ ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿನೇ ಬೇಡ.

ಮುಂದಿನ ವಾರ ಒಂದು ಚಿಕ್ಕ ತಿದ್ದುಪಡಿ ಹಾಕಿ, ಫಿಲ್ಮ್ ಕತ್ತರಿಸಿ ತುಂಬ್ಕೋಬಹುದು ಅಂತ ಎರಡು ಸಾಲು ಬರೆದ್ರೂ ಸಾಕು.

ಇಂತಿ,
ನಿಮ್ಮ ಓದುಗ