ಎರಿ ಮಣ್ಣಿನ ಟೆಕ್ಸಾಸ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಬಾಡಿಗೆ ಮನೆ ಬಿಟ್ಟು ಇಲ್ಲಿ ಡಲ್ಲಾಸ್ ಕಡೆ ಮನೆ ಕೊಳ್ಳಲೇನೋ ಅಂತ ಮೊನ್ನೆ ನೀನು ಕೇಳಿದೆ. "ಬಾರೋ, ಚೆನ್ನಾಗಿದೆ" ಅಂತ ನಾನು ಅಂದುಬಿಟ್ಟೆ. ಫೋನಿಟ್ಟ ಮೇಲೆ, ಅಷ್ಟೇ ಹೇಳಿದ್ದು ತಪ್ಪಾಯಿತು ಅನ್ನಿಸಿತು. ಅದಕ್ಕೇ ಈ ಪತ್ರ.

ಮೊದಲು ಮಣ್ಣಿನ ವಿಷಯ. ಇಲ್ಲಿರುವುದು ನಮ್ಮ ನರಗುಂದದ ಎರಿ ಮಣ್ಣಿನ ಜಾತಿಯದೇ ಕಣೋ. ಡಲ್ಲಾಸ್‌ನಿಂದ ಸ್ಯಾನ್ ಆಂಟೋನಿಯೋ ಕಡೆಗೆ ಹಬ್ಬಿದ ಈ ಕಪ್ಪು ನೆಲಕ್ಕೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಅನ್ನುತ್ತಾರೆ. ಒಂದು ಕಾಲಕ್ಕೆ ಇದೂ ಹತ್ತಿಯ ಸೀಮೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಆಗಸ್ಟ್‌ನಲ್ಲಿ ನಮ್ಮ ಹಿತ್ತಿಲ ಬಿರುಕಿನೊಳಗೆ ನನ್ನ ಅಂಗೈ ಇಳಿಯುತ್ತದೆ. ಊರಲ್ಲಿ ಆ ಬಿರುಕು ಹೊಲದ್ದು, ಇಲ್ಲಿ ಮನೆಯ ಬುಡದ್ದು. ಮಣ್ಣು ಬಿರಿಯದ ಹಾಗೆ ಬೇಸಿಗೆ ಪೂರ್ತಿ ಗೋಡೆಯ ಸುತ್ತ ತೂತಿನ ಪೈಪು ಹಾಸಿ ಅಡಿಪಾಯಕ್ಕೆ ನೀರುಣಿಸಬೇಕು. ನಾನು ಎರಡು ವರ್ಷ ಉದಾಸೀನ ಮಾಡಿದೆ. ಮಗಳ ಕೋಣೆಯ ಬಾಗಿಲು ಚೌಕಟ್ಟಿನಲ್ಲಿ ಕೂರದಾಯಿತು, ಕಿಟಕಿ ಮೂಲೆಯಿಂದ ಓರೆಯಾಗಿ ಸೀಳು ಬಂತು. ಮನೆ ನೋಡುವಾಗ ಅಡುಗೆಮನೆಯ ಗ್ರಾನೈಟ್‌ಗೆ ಮರುಳಾಗಬೇಡ. ಒಂದೊಂದು ಬಾಗಿಲನ್ನೂ ತೆರೆದು ಮುಚ್ಚಿ ನೋಡು.

ಟ್ಯಾಕ್ಸ್ ಉಳಿಯುತ್ತದೆ ಅಂದೆ ನೀನು. ನಿಜ, ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಆದರೆ ಶಾಲೆ, ಕೌಂಟಿ, ನಗರ ಎಲ್ಲಕ್ಕೂ ಮನೆ ತೆರಿಗೆಯೇ ಆಧಾರ. ನಮ್ಮ ಕಡೆ ಅದು ಮನೆ ಬೆಲೆಯ ಸುಮಾರು 2%. 5 ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 10,000ದ ಆಸುಪಾಸು. ಕ್ಯಾಲಿಫೋರ್ನಿಯಾದಲ್ಲಿ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ 2%ಗಿಂತ ಏರದು, ಇಲ್ಲಿ ನೀನೇ ವಾಸವಿರುವ ಮನೆಗೂ 10%ವರೆಗೆ ಏರಬಹುದು. ಏಪ್ರಿಲ್‌ನಲ್ಲಿ ಮನೆ ಬೆಲೆ ಇಷ್ಟೆಂದು ನೋಟಿಸ್ ಬಂದ ತಕ್ಷಣ ತಕರಾರು ಹಾಕುವುದನ್ನು ರೂಢಿ ಮಾಡಿಕೋ. ಜೊತೆಗೆ ವಸಂತದ ಆಲಿಕಲ್ಲು, ಅದರಿಂದ ಏರುವ ಇನ್ಶೂರೆನ್ಸ್. ಇಷ್ಟೆಲ್ಲ ಕಳೆದೂ ನಮಗೆ ಒಂದಿಷ್ಟು ಉಳಿದಿದೆ, ಸುಳ್ಳು ಹೇಳಲಾರೆ. ನೀನು ಎಣಿಸಿದಷ್ಟಂತೂ ಉಳಿಯದು.

2021ರ ಫೆಬ್ರವರಿಯನ್ನು ನಾನು ಮರೆಯಲಾರೆ. ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿ. ಈ ರಾಜ್ಯದ ಬಹುಪಾಲು ವಿದ್ಯುತ್ ಜಾಲ ನೆರೆ ರಾಜ್ಯಗಳಿಂದ ಪ್ರತ್ಯೇಕ. ಗ್ಯಾಸ್ ಬಾವಿಗಳು, ವಿದ್ಯುತ್ ಸ್ಥಾವರಗಳು ಹೆಪ್ಪುಗಟ್ಟಿದಾಗ ಹೊರಗಿನಿಂದ ಸಾಕಷ್ಟು ಕರೆಂಟು ತರುವ ದಾರಿಯೇ ಇರಲಿಲ್ಲ. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ನಾವು ನಾಲ್ವರೂ ಅವ್ವ ಹೊಲಿದುಕೊಟ್ಟ ಕೌದಿಗಳ ಕೆಳಗೆ ಒಂದೇ ಹಾಸಿಗೆಯಲ್ಲಿ ಮುದುರಿದ್ದೆವು. ಮೂರನೇ ದಿನ ಮಹಡಿಯ ಪೈಪು ಒಡೆದು ನಡುಮನೆಯ ಸೂರು ಕುಸಿಯಿತು. ಅದುವರೆಗೆ ಕೈಬೀಸಿದ್ದು ಬಿಟ್ಟರೆ ಮಾತೇ ಆಡದ ಎದುರುಮನೆಯ ಮುದುಕ ಹಿಮದಲ್ಲಿ ನಡೆದು ಬಂದು ಬೀದಿಯ ಮೀಟರಿನ ಹತ್ತಿರ ನೀರು ಬಂದ್ ಮಾಡಿಕೊಟ್ಟ. ಆಮೇಲೆ ತನ್ನ ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಿ ತಂದ. ಈಗ ಸ್ಥಾವರಗಳನ್ನು ಚಳಿಗೆ ಸಜ್ಜು ಮಾಡಬೇಕೆಂಬ ಕಾನೂನು ಬಂದಿದೆ. ಆದರೂ ಚಳಿಗಾಲದಲ್ಲಿ ದೀಪ ಮಿಣುಕಿದರೆ ನನ್ನ ಮಗಳು ಕೌದಿ ಹುಡುಕುತ್ತಾಳೆ.

ಬಂದೂಕಿನ ಭಯವೂ ಇದೆ. 2023ರ ಮೇ ತಿಂಗಳಲ್ಲಿ ಇಲ್ಲೇ ಹತ್ತಿರದ ಆ್ಯಲನ್ ಊರಿನ ಮಾಲ್‌ನಲ್ಲಿ ಒಬ್ಬ ಗುಂಡು ಹಾರಿಸಿ ಎಂಟು ಜನರನ್ನು ಕೊಂದ. ನಾವು ಶನಿವಾರಗಳಂದು ಹೋಗುತ್ತಿದ್ದ ಜಾಗ ಅದು.

ಒಳ್ಳೆಯದೂ ಬೇಕಾದಷ್ಟಿದೆ. ಹಿತ್ತಿಲಲ್ಲಿ ಕರಿಬೇವು ಬೆಳೆದಿದ್ದೇನೆ (ಚಳಿಗೆ ಕುಂಡ ಒಳಗೆ ತರುತ್ತೇನೆ). ಡಲ್ಲಾಸ್ ಪಕ್ಕದ ನಮ್ಮ ಫ್ರಿಸ್ಕೋದಲ್ಲಿ ಹನುಮಂತನ ಗುಡಿ ಇದೆ, ರಾಜ್ಯೋತ್ಸವಕ್ಕೆ 'ಮಲ್ಲಿಗೆ' ಅನ್ನುವ ಕನ್ನಡ ಸಂಘವಿದೆ. ಮಾರ್ಚ್ ಕೊನೆಗೆ ಹೆದ್ದಾರಿಯ ಇಕ್ಕೆಲಗಳಲ್ಲೂ ಬ್ಲೂಬಾನೆಟ್ ಅನ್ನುವ ನೀಲಿ ಕಾಡುಹೂ ಅರಳಿದರೆ, ಅಗಸಿ ಹೂಬಿಟ್ಟ ಹೊಲದ ನಡುವೆ ಹೋದ ಹಾಗಿರುತ್ತದೆ.

ನನ್ನನ್ನು ಕಾಡುತ್ತಿರುವುದು ನಿನ್ನ ಅವ್ವ. ಸನ್ನಿವೇಲ್‌ನಲ್ಲಿ ಅವರು ಸಂಜೆ ಪಾರ್ಕಿಗೆ ನಡೆದು ಹೋಗುತ್ತಾರೆ, ಅಲ್ಲಿ ನಾಲ್ಕು ಜನ ಮಾತಿಗೆ ಸಿಗುತ್ತಾರೆ. ಫ್ರಿಸ್ಕೋಗೆ ಡಲ್ಲಾಸ್‌ನ ರೈಲೂ ಇಲ್ಲ, ಬಸ್ಸೂ ಇಲ್ಲ. ಹಾಲು ತರಲೂ ಕಾರು. ನನ್ನ ಅವ್ವ ಬಂದಿದ್ದ ಆರು ತಿಂಗಳೂ ಮಧ್ಯಾಹ್ನ ಕಿಟಕಿ ಹತ್ತಿರ ಕೂತು ಬೀದಿಯಲ್ಲಿ ಯಾರಾದರೂ ನಡೆದು ಬರುತ್ತಾರೇನೋ ಅಂತ ನೋಡುತ್ತಿದ್ದಳು. ಪೋಸ್ಟಿನವನ ಗಾಡಿಯ ಸದ್ದು ಕೇಳಿದರೆ ಏಳುತ್ತಿದ್ದಳು. ಮತ್ತೆ ಕರೆದಾಗ, "ಬ್ಯಾಡಪ್ಪ, ನೀವ ಬರ್ರಿ" ಅಂದಳು.

ಮನೆ ನೋಡಲು ಹೂವಿನ ಮಾರ್ಚ್‌ನಲ್ಲಿ ಬರಬೇಡ, ಆಗಸ್ಟ್‌ನಲ್ಲಿ ಬಾ. ಅವ್ವನನ್ನೂ ಕರೆದುಕೊಂಡು ಬಾ, ಎರಡು ವಾರ ನಮ್ಮಲ್ಲೇ ಇರಿ. ರೊಟ್ಟಿ ಹಿಟ್ಟು ತರಿಸಿಟ್ಟಿರುತ್ತೇನೆ.

ನಿನ್ನವನು